ಓಪನ್ ಬಾಕ್ಸ್‌ನಲ್ಲಿ ನೂರಾರು ಫೈಲ್ ಇದ್ದರೆ ಬೇಕಾದದ್ದನ್ನು ಬೇಗ ಹುಡುಕೋದು ಹೇಗೆ?

‘ಬ್ಯಾನರ್ ಡಿಸೈನ್ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಓಪನ್ ಒತ್ತಿದರೆ ನೂರಾರು ಫೈಲ್ ಬರುತ್ತವೆ, ಮೌಸ್ ಉರುಳಿಸಿ ಸಾಕಾಗಿದೆ’ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ನನ್ನದು ಡಿಟಿಪಿ (ಕಂಪ್ಯೂಟರ್ ಟೈಪಿಂಗ್, ಡಿಸೈನ್) ಅಂಗಡಿ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ನನಗೂ ದಿನಾ ಇದೇ ಕೆಲಸ. ಗಿರಾಕಿ ಎದುರಿಗೇ ನಿಂತಿರುತ್ತಾರೆ. ‘ಅಣ್ಣಾ, ಹೋದ ವರ್ಷದ ಬ್ಯಾನರೇ ತೆಗೀರಿ, ತಾರೀಖು ಅಷ್ಟೇ ಬದಲಿ ಮಾಡ್ರಿ’ ಅನ್ನುತ್ತಾರೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಕೆಳಗಿನ ‘ಫೈಲ್ ನೇಮ್’ ಜಾಗ. ಅಲ್ಲಿ ಪೂರ್ತಿ ಹೆಸರು ಬರೆಯಬೇಕಾಗಿಲ್ಲ. ನೆನಪಿರುವ ತುಂಡನ್ನು ಬರೆದು, ಹಿಂದೆ ಮುಂದೆ * ಹಾಕಿ ಎಂಟರ್ ಒತ್ತಿ. ಆ ತುಂಡು ಇರುವ ಫೈಲ್‌ಗಳಷ್ಟೇ ಉಳಿಯುತ್ತವೆ. ನಮ್ಮ ಕಡೆ ಹೆಸರುಗಳಿಗೆ ಇದು ತುಂಬಾ ಬೇಕು. ಶರಣಪ್ಪ ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಹುಡುಗ ‘ಆರ್’ ಆದಮೇಲೆ ‘ಎ’ ಹಾಕುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ಅನುಮಾನ ಇರುವ ಆ ಅಕ್ಷರದ ಜಾಗದಲ್ಲಿ * ಹಾಕಿದರೆ ಎರಡೂ ಸಿಗುತ್ತವೆ. * ಇದ್ದ ಕಡೆ ಏನೂ ಇಲ್ಲದಿದ್ದರೂ ನಡೆಯುತ್ತದೆ, ಅದಕ್ಕೇ.

ಆದರೆ ಇದು ತೆರೆದಿರುವ ಫೋಲ್ಡರ್‌ನಲ್ಲಿ ಮಾತ್ರ ಹುಡುಕುತ್ತದೆ. ಒಳಗಿನ ಫೋಲ್ಡರ್‌ಗಳಲ್ಲೂ ನೋಡಬೇಕಾದರೆ ಮೇಲೆ ಬಲಗಡೆ ಇರುವ ಸರ್ಚ್ ಬಾಕ್ಸ್ ಬೇಕು. ಡಿ ಡ್ರೈವ್‌ನಲ್ಲಿ ಅದು ನಿಧಾನ ಅಲ್ವಾ? ಯಾಕಂದರೆ ಬೇಗ ಹುಡುಕಲು ವಿಂಡೋಸ್ ತಾನಾಗಿಯೇ ಪಟ್ಟಿ (ಇಂಡೆಕ್ಸ್) ಮಾಡಿಟ್ಟುಕೊಳ್ಳುವುದು ಸಾಮಾನ್ಯವಾಗಿ ಸಿ ಡ್ರೈವ್‌ನ ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳನ್ನು. ಸ್ಟಾರ್ಟ್ ಮೆನುವಿನಲ್ಲಿ ‘ಇಂಡೆಕ್ಸಿಂಗ್ ಆಪ್ಷನ್ಸ್’ ಅಂತ ಹುಡುಕಿ ತೆರೆದು ನಿಮ್ಮ ಕೆಲಸದ ಫೋಲ್ಡರನ್ನೂ ಸೇರಿಸಿ. ಪಟ್ಟಿ ಆಗಲು ಮೊದಲ ಸಲ ಹೊತ್ತು ಹಿಡಿಯುತ್ತದೆ, ಆಮೇಲೆ ಬೇಗ ಸಿಗುತ್ತದೆ.

ನಿನ್ನೆ ಮೊನ್ನೆಯ ಫೈಲ್ ಆದರೆ ಸುಮ್ನೆ ‘ಡೀಟೇಲ್ಸ್’ ವ್ಯೂ ಇಟ್ಟು ‘ಡೇಟ್ ಮಾಡಿಫೈಡ್’ ಮೇಲೆ ಕ್ಲಿಕ್ ಮಾಡಿ. ಹೊಸದು ಕೆಳಗೆ ಹೋದರೆ ಇನ್ನೊಮ್ಮೆ ಒತ್ತಿ.

ಫೈಲ್ ಬೇರೆ ಕಿಟಕಿಯಲ್ಲಿ ಈಗಾಗಲೇ ಕಾಣುತ್ತಿದ್ದರೆ ಮತ್ತೆ ಹುಡುಕಬೇಡಿ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ‘ಕಾಪಿ ಆಸ್ ಪಾತ್’ ಕೊಟ್ಟು, ಆ ‘ಫೈಲ್ ನೇಮ್’ ಜಾಗದಲ್ಲೇ ಪೇಸ್ಟ್ ಮಾಡಿ ಎಂಟರ್ ಒತ್ತಿ. ಎರಡೂ ಕಡೆ ಉದ್ಧರಣ ಚಿಹ್ನೆ ಬರುತ್ತದೆ, ಅಳಿಸಬೇಕಾಗಿಲ್ಲ.

ಇಷ್ಟಾದರೂ ಕಾಣದಿದ್ದರೆ ಫೈಲ್ ಹೋಯಿತು ಅಂತ ಗಾಬರಿ ಆಗಬೇಡಿ. ‘ಫೈಲ್ ನೇಮ್’ ಪಕ್ಕದಲ್ಲಿ ಫೈಲ್ ವಿಧ ಆರಿಸುವ ಪಟ್ಟಿ ಇರುತ್ತದೆ. ಅಲ್ಲಿ ಒಂದೇ ವಿಧ ಆರಿಸಿದ್ದರೆ ಉಳಿದವು ಕಾಣುವುದೇ ಇಲ್ಲ. ಅದನ್ನು ‘ಆಲ್ ಫೈಲ್ಸ್’ ಮಾಡಿ ನೋಡಿ.