ಸಿಗ್ಮಾ ಮಾಡುವ ಕೆಲಸ ಮನುಷ್ಯರಲ್ಲಿ ಯಾರದ್ದು?

ಪ್ರಶ್ನೆ: ಬ್ಯಾಕ್ಟೀರಿಯಾದಲ್ಲಿ ಸಿಗ್ಮಾ ಪ್ರೋಟೀನ್ ಜೊತೆಗೂಡಿದರೆ ಆರ್‌ಎನ್‌ಎ ಪಾಲಿಮರೇಸ್ ಜೀನಿನ ಪ್ರತಿಲೇಖನ (ಆರ್‌ಎನ್‌ಎ ನಕಲು ತೆಗೆಯುವುದು) ಶುರು ಮಾಡುತ್ತದೆ ಎಂದು ಪಾಠದಲ್ಲಿದೆ. ನಮ್ಮ ಜೀವಕೋಶಗಳಲ್ಲಿ ಹೇಗೆ?
— ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಮ್ಮಲ್ಲಿ ಆ ಕೆಲಸ ಹಂಚಿಹೋಗಿದೆ. ಪ್ರೋಟೀನ್‌ಗಳ ಜೀನ್ ಓದುವುದು 12 ಉಪಘಟಕಗಳ ಪಾಲಿಮರೇಸ್-2. ಪ್ರಮೋಟರ್, ಅಂದರೆ ಓದು ಶುರುವಾಗುವ ಜಾಗದ ಡಿಎನ್‌ಎ ಭಾಗ, ಎಲ್ಲಿದೆಯೆಂದು ಅದಕ್ಕೆ ತಾನಾಗಿ ತಿಳಿಯದು. ಅದಕ್ಕೆ ನೆರವಾಗುವ ಪ್ರೋಟೀನ್‌ಗಳ ಹೆಸರು ಟಿಎಫ್-2ಎ, 2ಬಿ ಹೀಗೆ ಸಾಗುತ್ತದೆ. ಮೊದಲು ಟಿಎಫ್-2ಡಿ ಬಂದು ಕೂರುತ್ತದೆ. ಅದರೊಳಗಿನ ಟಿಬಿಪಿ ಎಂಬ ಪ್ರೋಟೀನ್ ಡಿಎನ್‌ಎಯನ್ನು ಸುಮಾರು 80 ಡಿಗ್ರಿ ಬಗ್ಗಿಸುತ್ತದೆ. ಆ ಬಾಗಿಗೆ 2ಎ, 2ಬಿ ಅಂಟಿಕೊಳ್ಳುತ್ತವೆ. 2ಎಫ್ ಜೊತೆ ಪಾಲಿಮರೇಸ್ ಬರುತ್ತದೆ. ಕೊನೆಗೆ 2ಇ, 2ಎಚ್. ಟಿಬಿಪಿ ಹಿಡಿಯುವ ‘ಟಾಟಾ ಬಾಕ್ಸ್’ ಎಂಬ ಅಕ್ಷರಸಾಲು ಇದ್ದರೇನೇ ಇದೆಲ್ಲ ಎಂದುಕೊಳ್ಳಬೇಡಿ. ಮನುಷ್ಯರ ಬಹುಪಾಲು ಪ್ರಮೋಟರ್‌ಗಳಲ್ಲಿ ಅದಿಲ್ಲ. ಅಲ್ಲಿ ಜಾಗ ಗುರುತಿಸಲು 2ಡಿಯ ಉಳಿದ ಭಾಗಗಳು ನೆರವಾಗುತ್ತವೆ.

ನಿಜವಾದ ವ್ಯತ್ಯಾಸ 2ಎಚ್‌ನಲ್ಲಿದೆ. ಬ್ಯಾಕ್ಟೀರಿಯಾದ ಸಾಮಾನ್ಯ ಸಿಗ್ಮಾ, ಸಿಗ್ಮಾ-70, ಎಟಿಪಿ (ಕೋಶದ ಇಂಧನ) ಖರ್ಚಿಲ್ಲದೆ ಡಿಎನ್‌ಎ ಎಳೆಗಳನ್ನು ಬಿಡಿಸುತ್ತದೆ. ನಮ್ಮಲ್ಲಿ 2ಎಚ್‌ನ ಎಕ್ಸ್‌ಪಿಬಿ ಭಾಗ ಎಟಿಪಿ ಸುಟ್ಟು ಡಿಎನ್‌ಎಯನ್ನು ಪಾಲಿಮರೇಸ್ ಒಳಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಎಳೆಗಳು ಬೇರಾಗುತ್ತವೆ. 2ಎಚ್‌ನದ್ದೇ ಇನ್ನೊಂದು ಭಾಗ, ಸಿಡಿಕೆ-7 ಎಂಬ ಕಿಣ್ವ, ಪಾಲಿಮರೇಸ್‌ನ ಬಾಲಕ್ಕೆ ಫಾಸ್ಫೇಟ್ ಹಚ್ಚುತ್ತದೆ. ಏಳು ಅಮೈನೋ ಆಮ್ಲಗಳ ತುಣುಕು 52 ಬಾರಿ ಮರುಕಳಿಸಿದ ಬಾಲ ಅದು. ಫಾಸ್ಫೇಟ್ ಬಿದ್ದರೆ ಪ್ರಮೋಟರ್ ಬಿಟ್ಟು ಹೊರಡುವುದು ಸುಲಭ. ಹೊರಟರೂ ಹಲವು ಜೀನ್‌ಗಳಲ್ಲಿ 20ರಿಂದ 60 ಅಕ್ಷರ ಓದಿ ನಿಂತುಬಿಡುತ್ತದೆ, ಸಿಡಿಕೆ-9 ಎಂಬ ಇನ್ನೊಂದು ಕಿಣ್ವ ಬಂದು ಬಿಡಿಸುವವರೆಗೆ.

ಈ ಆರರ ಪಟ್ಟಿ ಪ್ರನಾಳದಲ್ಲಿ, ಬರಿಯ ಡಿಎನ್‌ಎಗೆ ಸಾಕು. ಕೋಶದೊಳಗೆ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುವುದರಿಂದ ಜಾಗ ತೆರವು ಮಾಡುವ ಪ್ರೋಟೀನ್‌ಗಳೂ, ದೂರದ ಎನ್‌ಹ್ಯಾನ್ಸರ್‌ನ (ಓದನ್ನು ಹೆಚ್ಚಿಸುವ ಡಿಎನ್‌ಎ ಭಾಗದ) ಸಂದೇಶ ತಲುಪಿಸುವ ಮೀಡಿಯೇಟರ್ ಎಂಬ ಪ್ರೋಟೀನ್ ಗುಂಪು ಕೂಡ ಬೇಕು.

ಪ್ರಶ್ನೆ: ಟಾಟಾ ಬಾಕ್ಸಿನಲ್ಲಿ ಒಂದೇ ಅಕ್ಷರ ಬದಲಾದರೆ ರೋಗ ಬರುತ್ತದೆಯೇ?
— ಓದುಗರು, ಹಾಸನ

ಉತ್ತರ: ಬರಬಹುದು. ರಕ್ತದ ಹಿಮೋಗ್ಲೋಬಿನ್‌ನ ಒಂದು ಭಾಗವಾದ ಬೀಟಾ ಗ್ಲೋಬಿನ್ ಜೀನಿನ ಆರಂಭಬಿಂದುವಿಗೆ 28 ಅಕ್ಷರ ಹಿಂದೆ ‘ಎ’ ಬದಲು ‘ಜಿ’ ಬಂದರೆ ಟಿಬಿಪಿಯ ಹಿಡಿತ ಸಡಿಲ. ಪ್ರತಿಲೇಖನ ನಿಲ್ಲುವುದಿಲ್ಲ, ಕುಗ್ಗುತ್ತದೆ. ಹಾಗಾಗಿ ಇದರಿಂದ ಬರುವ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕೊರತೆಯ ಆನುವಂಶಿಕ ರೋಗ) ಸಾಮಾನ್ಯವಾಗಿ ಸೌಮ್ಯ. ಪ್ರೋಟೀನಿನ ರಚನೆ ಮಾತ್ರ ಕೆಡುವುದಿಲ್ಲ. ಎಕ್ಸಾನ್‌ಗಳನ್ನಷ್ಟೇ (ಪ್ರೋಟೀನಿನ ಸಂಕೇತವಿರುವ ತುಣುಕುಗಳನ್ನು) ಓದುವ ಜೀನ್ ಪರೀಕ್ಷೆಗೆ ಈ ದೋಷ ಸಿಗದು, ಪ್ರಮೋಟರ್ ಭಾಗವನ್ನೂ ಓದುತ್ತಾರೆಯೇ ಎಂದು ಲ್ಯಾಬಿನಲ್ಲಿ ಕೇಳಿ.

ಇದರ ತಿರುವುಮುರುವೂ ಇದೆ. 2ಎಚ್‌ನ ಎಕ್ಸ್‌ಪಿಡಿ ಭಾಗ ಕೆಟ್ಟು ಕೂದಲು ಪೆಡಸಾಗಿ ಮುರಿಯುವ ಟ್ರೈಕೋಥಯೋಡಿಸ್ಟ್ರೋಫಿ ಬಂದವರಲ್ಲಿ, ಗ್ಲೋಬಿನ್ ಜೀನ್ ಸರಿಯಿದ್ದೂ ರಕ್ತಪರೀಕ್ಷೆ ಥಲಸ್ಸೀಮಿಯಾ ವಾಹಕರಂತೆ ಕಂಡದ್ದುಂಟು.