ಊರು ಬೆಳೆದಂತೆ ಗಾಳಿ ಏಕೆ ಕೆಡುತ್ತದೆ?

ಓದುಗರ ಪತ್ರ: ನಮ್ಮ ಬಡಾವಣೆಯ ಹತ್ತಿರ ಒಂದೂ ಕಾರ್ಖಾನೆ ಇಲ್ಲ. ಆದರೂ ಕಟ್ಟಡಗಳು ಏಳುತ್ತಾ ಹೋದಂತೆ ಬೆಳಗಿನ ಗಾಳಿ ಕೆಡುತ್ತಿದೆ. ರಸ್ತೆ ಅಗಲ ಮಾಡಿ ಸಾಲುಮರ ನೆಟ್ಟರೆ ಸರಿಹೋದೀತೇ?

ಸಂಪಾದಕರ ಉತ್ತರ: ರಸ್ತೆ ಅಗಲ ಮಾಡಿದರೆ ಸರಿಹೋಗುವುದಿಲ್ಲ. ಮರಗಳಿಂದ ಲಾಭವೂ ಉಂಟು, ನಷ್ಟವೂ ಉಂಟು. ಅವು ಎಲ್ಲಿ ನಿಲ್ಲುತ್ತವೆ ಎಂಬುದನ್ನು ನೋಡಬೇಕು.

ಮೊದಲು ಬೆಳಗಿನ ವಿಷಯ. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇರುವಾಗ ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಬೆರೆತು ತೆಳುವಾಗುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ತಂಪು ಗಾಳಿ ಕೆಳಗೆ, ಬೆಚ್ಚನೆಯದು ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಆಗ ಹೊಗೆ ಬೆರೆಯುವ ಎತ್ತರ 100–200 ಮೀಟರಿಗೆ ಇಳಿಯಬಹುದು. ಬಿಸಿಲೇರಿ ಈ ಮುಚ್ಚಳ ತೆರೆಯುವ ಮೊದಲೇ ವಾಹನಗಳು ರಸ್ತೆಗಿಳಿದಿರುತ್ತವೆ. ಗಾಳಿ ಕೆಡಲು ಕಾರ್ಖಾನೆಯೇ ಬೇಕೆಂದಿಲ್ಲ.

ಇನ್ನು ಕಟ್ಟಡಗಳು. ರಸ್ತೆಯ ಎರಡೂ ಬದಿ ಒತ್ತಾಗಿ ನಿಂತ ಕಟ್ಟಡಗಳ ಎತ್ತರ ರಸ್ತೆಯ ಅಗಲದ ಮುಕ್ಕಾಲು ಪಾಲಿನ ಆಸುಪಾಸು ತಲುಪಿತೆಂದರೆ, ಅಡ್ಡಲಾಗಿ ಬೀಸುವ ಗಾಳಿ ಚಾವಣಿಗಳ ಮೇಲೆಯೇ ಜಾರಿಹೋಗುತ್ತದೆ. ಕೆಳಗೆ ಉಳಿದ ಗಾಳಿ ಅಲ್ಲಲ್ಲೇ ಸುತ್ತುತ್ತ, ಗಾಳಿ ಬರುವ ಕಡೆಯ ಕಟ್ಟಡದ ಬುಡಕ್ಕೆ ಹೊಗೆಯನ್ನು ತಳ್ಳುತ್ತದೆ. ಒಂದೇ ರಸ್ತೆಯಲ್ಲಿ ಆ ಬದಿಯ ಕಾಲುದಾರಿ ಎದುರಿನದಕ್ಕಿಂತ ಹೆಚ್ಚು ಕೆಟ್ಟಿರುವುದು ಇದರಿಂದಲೇ. ಇಂಥ ಇಕ್ಕಟ್ಟಿನ ರಸ್ತೆಯಲ್ಲಿ ಕೊಂಬೆಗಳು ಕೂಡಿ ಚಪ್ಪರವಾದರೆ ಹೊಗೆ ಮೇಲೆ ಹೋಗುವ ದಾರಿಯೂ ಮುಚ್ಚುತ್ತದೆ. ಅಲ್ಲಿ ಬೇಕಾದದ್ದು ವಾಹನಕ್ಕೂ ಕಾಲುದಾರಿಗೂ ನಡುವೆ ಬುಡದಿಂದಲೇ ದಟ್ಟವಾದ, ಆಳೆತ್ತರದ ಬೇಲಿಗಿಡ. ದೊಡ್ಡ ಮರಗಳನ್ನು ಬಯಲಿರುವ ಕಡೆ ಧಾರಾಳವಾಗಿ ನೆಡಿ. ಹೊಸ ಕಟ್ಟಡಗಳ ನಡುವೆ ಗಾಳಿ ನುಸುಳುವಷ್ಟು ತೆರಪು ಬಿಡಲೇಬೇಕೆಂದು ಈಗಲೇ ಪಟ್ಟು ಹಿಡಿಯಿರಿ; ಕಟ್ಟಿದ ಮೇಲೆ ಅದು ಸಿಗುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು, ಮನೆಗಳನ್ನು ಊರಾಚೆ ಹರಡಿ ಕೆಲಸವನ್ನು ಊರ ನಡುವೆಯೇ ಉಳಿಸುವುದು. ಅಗಲವಾದ ರಸ್ತೆ ಕೆಲವೇ ವರ್ಷಗಳಲ್ಲಿ ಹೊಸ ವಾಹನಗಳಿಂದ ತುಂಬುತ್ತದೆ. ಹಾಲು, ತರಕಾರಿಗೂ ಕಾರು ತೆಗೆಯಬೇಕಾದ ಬಡಾವಣೆಯಾದರೆ ಇನ್ನೂ ಕೆಡುಕು: ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆಯೇ ಸರಿಯಾಗಿ ಕೆಲಸ ಮಾಡುತ್ತದೆ. ಸಣ್ಣ ಓಡಾಟ ಅದು ಕಾಯುವುದರೊಳಗೆ ಮುಗಿದಿರುತ್ತದೆ. ವಿದ್ಯುತ್ ವಾಹನದಲ್ಲಿ ಹೊಗೆಯಿಲ್ಲ, ನಿಜ. ಟೈರು ಸವೆದ ಪುಡಿ, ರಸ್ತೆಯಿಂದೇಳುವ ಧೂಳು ಉಳಿದೇ ಉಳಿಯುತ್ತವೆ.

ಕಟ್ಟಡ ಕೆಲಸದ ಧೂಳನ್ನು ಬೇಗ ತಡೆಯಬಹುದು. ಕಲ್ಲು, ಟೈಲ್ಸ್ ಕತ್ತರಿಸುವಾಗ ಅಲಗಿನ ಮೇಲೆ ನೀರು ಬೀಳುತ್ತಿರಬೇಕು. ಮಣ್ಣಿನ ಲಾರಿಗೆ ಟಾರ್ಪಾಲು ಇರಬೇಕು. ಗೇಟು ದಾಟುವ ಮುನ್ನ ಚಕ್ರ ತೊಳೆಯಬೇಕು. ಚಕ್ರಕ್ಕಂಟಿ ರಸ್ತೆಗೆ ಬಂದ ಮಣ್ಣು ಒಣಗಿತೆಂದರೆ ಹಾದುಹೋಗುವ ಪ್ರತಿ ವಾಹನವೂ ಅದನ್ನು ಮತ್ತೆ ಎಬ್ಬಿಸುತ್ತದೆ. ಒಣ ಪೊರಕೆಯೂ ಅದನ್ನೇ ಮಾಡುತ್ತದೆ.

ನೀವೇ ಅಳೆಯುವುದಾದರೆ ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಲೇಸರ್ ಸೆನ್ಸರ್‌ಗಳು ಗಾಳಿಯ ತೇವಾಂಶ ಶೇ. 80 ದಾಟಿದಾಗ ನೀರು ಹೀರಿ ಉಬ್ಬಿದ ಕಣಗಳನ್ನು ದೊಡ್ಡದಾಗಿ ಲೆಕ್ಕ ಹಾಕುತ್ತವೆ. ಮಂಜು ಕವಿದ ಬೆಳಗಿನ ಅಂಕಿಯನ್ನು ಹಾಗೆಯೇ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಕಣಗಳಿಗೆ (2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಅಡ್ಡಳತೆಯ ಸೂಕ್ಷ್ಮ ಕಣಗಳಿಗೆ) ಹೇಳಿದ ಮಿತಿ ಘನ ಮೀಟರಿಗೆ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 15. ಒಂದು ಕ್ಷಣದ ಅಂಕಿಯನ್ನು ಇವಕ್ಕೆ ಹೋಲಿಸಬಾರದು.

ಬಡಾವಣೆಯಲ್ಲಿ ಶಾಲೆಗೆ ಜಾಗ ಇನ್ನೂ ಗುರುತಾಗಿಲ್ಲದಿದ್ದರೆ, ಹೆದ್ದಾರಿಯಿಂದ 200 ಮೀಟರಿನಾಚೆ ಕೇಳಿ. ವಾಹನದ ಹೊಗೆಯ ಸಾಂದ್ರತೆ ಬಹುಪಾಲು ಇಳಿಯುವುದು ಅಷ್ಟು ದೂರದೊಳಗೆ.