ಜೀಪಿನ ಅರ್ಧ ವೈರಿಂಗ್ ಕಬ್ಬಿಣವೇ

ಪ್ರಶ್ನೆ: ನಮ್ಮ ಮನೆಯಲ್ಲಿ 1988ರ ಮಹೀಂದ್ರ ಎಂಎಂ 540 ಜೀಪ್ ಇದೆ. ಮಾವನವರ ಕಾಲದಿಂದ ತೋಟದ ಕೆಲಸಕ್ಕೆ ಓಡುತ್ತಿದೆ. ಈಗ ಹೆಡ್‌ಲೈಟ್ ಮಂಕಾಗಿದೆ, ಬ್ರೇಕ್ ತುಳಿದರೆ ಹಿಂದಿನ ಇಂಡಿಕೇಟರ್ ಕೂಡ ಮಿಣುಕುತ್ತದೆ. ಕಳೆದ ವಾರ ಡ್ಯಾಶ್‌ಬೋರ್ಡ್ ಕೆಳಗಿನಿಂದ ಹೊಗೆ ಬಂತು. ವೈರಿಂಗ್ ಪೂರ್ತಿ ಬದಲಿಸಬೇಕೇ? ಮನೆಯಲ್ಲೇ ಮಾಡಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಹೊಗೆ ಬಂದಿದೆ ಎಂದರೆ ಇನ್ನು ಯೋಚಿಸುವುದು ಬೇಡ, ಬದಲಿಸಿ. ಅಲ್ಲಿಯವರೆಗೆ ಜೀಪ್ ಓಡಿಸಬೇಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಈಗಲೇ ಕಳಚಿಡಿ.

ಆದರೆ ನೀವು ಹೇಳಿದ ಉಳಿದೆರಡು ತೊಂದರೆಗಳು ಹೊಸ ವೈರಿಂಗ್ ಕಿಟ್ ಹಾಕಿದ ಮೇಲೂ ಹಾಗೆಯೇ ಉಳಿಯಬಹುದು. ಬ್ಯಾಟರಿಯಿಂದ ಬಲ್ಬಿಗೆ ಕರೆಂಟು ಹೋಗುವುದು ವೈರಿನಲ್ಲಿ, ಮರಳುವುದು ಬಾಡಿ ಮತ್ತು ಚಾಸಿಯ (ಜೀಪಿನ ಅಡಿಯ ಚೌಕಟ್ಟಿನ) ಕಬ್ಬಿಣದಲ್ಲಿ. ಲ್ಯಾಂಪ್ ಕೂರುವ ಜಾಗದಲ್ಲಿ ತುಕ್ಕು ಹಿಡಿದರೆ ಬ್ರೇಕ್ ಬಲ್ಬಿನ ಕರೆಂಟು ಮರಳಲು ದಾರಿ ಸಿಗದೆ ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗುತ್ತದೆ. ಅದಕ್ಕೇ ಅದು ಮಿಣುಕುವುದು. ಮಲೆನಾಡಿನ ಮಳೆಯಲ್ಲಿ ಇಷ್ಟು ವರ್ಷ ದುಡಿದ ಜೀಪಿಗೆ ಈ ರೋಗ ಬಾರದಿದ್ದರೆ ಆಶ್ಚರ್ಯ.

ಮೂಡಿಗೆರೆ ಕಡೆಯ ಒಂದು ಜೀಪಿಗೆ ನಾನು ಕಿಟ್ ಪೂರ್ತಿ ಹೊಸದಾಗಿ ಹಾಕಿ ಕಳುಹಿಸಿದ್ದೆ. ಎಂಟೇ ದಿನದಲ್ಲಿ ಅದೇ ಮಂಕು ಬೆಳಕಿನೊಂದಿಗೆ ಮರಳಿ ಬಂತು. ಎಂಜಿನ್‌ನಿಂದ ಚಾಸಿಗೆ ಬರುವ, ತಾಮ್ರದ ಎಳೆಗಳಿಂದ ಹೆಣೆದ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿದೆ. ಅಡಿಯಲ್ಲಿ ಎರಡು ಪದರ ಪೇಂಟ್, ಅದರ ಕೆಳಗೆ ಉಗುರಿಗೆ ಸಿಕ್ಕಿ ಉದುರುವ ತುಕ್ಕು. ಪಟ್ಟಿಯ ತುದಿಯಲ್ಲಿ ಹಸಿರು ಕಿಲುಬು. ಮರಳು ಕಾಗದದಿಂದ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಹೆಡ್‌ಲೈಟ್ ಅಲ್ಲೇ ಬದಲಾಯಿತು. ಅಂದಿನಿಂದ ನಾನು ಅರ್ಥ್, ಅಂದರೆ ಕರೆಂಟು ಮರಳುವ ಈ ದಾರಿಯನ್ನು, ಸರಿಪಡಿಸದೆ ಕಿಟ್ ಮುಟ್ಟುವುದಿಲ್ಲ.

ನೀವೂ ಅಲ್ಲಿಂದಲೇ ಶುರು ಮಾಡಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ, ಚಾಸಿಯಿಂದ ಬಾಡಿಗೆ ಹೋಗುವ ಮೂರೂ ಜೋಡಣೆಗಳನ್ನು ಉಜ್ಜಿ ಬಿಗಿಯಿರಿ. ಪ್ರತಿ ಲ್ಯಾಂಪಿಗೂ ಒಂದು ಕಪ್ಪು ಅರ್ಥ್ ವೈರ್ ಬೇರೆಯಾಗಿ ಎಳೆಯಿರಿ. ಕೆಲಸವೆಲ್ಲ ಮುಗಿದ ಮೇಲೆ ಲೈಟ್ ಹಾಕಿ, ವೋಲ್ಟ್ ಅಳೆಯುವ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಲ್ಯಾಂಪಿನ ಅರ್ಥ್‌ಗೂ ಹಿಡಿಯಿರಿ. ಸೊನ್ನೆಯ ಆಸುಪಾಸಿನಲ್ಲಿರಬೇಕು. ಅರ್ಧ ವೋಲ್ಟ್ ತೋರಿಸಿದರೂ ಮತ್ತೆ ಉಜ್ಜಿ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದರೆ ಬಲ್ಬಿನ ಬೆಳಕು ಸುಮಾರು ಮೂರರಲ್ಲೊಂದು ಪಾಲು ಕುಸಿಯುತ್ತದೆ.

ಕಿಟ್ ಬದಲಿಸುವಾಗ ಹಳೆಯದನ್ನು ಕತ್ತರಿಸಿ ತೆಗೆಯಬೇಡಿ. ಒಂದೊಂದು ತುದಿಗೂ ಟೇಪ್ ಅಂಟಿಸಿ, ಎಲ್ಲಿಂದ ಎಲ್ಲಿಗೆ ಎಂದು ಬರೆದು, ಇಡಿಯಾಗಿ ಬಿಡಿಸಿ ನೆಲದ ಮೇಲೆ ಹಾಸಿ. ಹೊಸದನ್ನು ಅದರ ಪಕ್ಕದಲ್ಲಿ ಮಲಗಿಸಿ ಕವಲು ಕವಲಿಗೆ ಹೋಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿದ್ಧ ಕಿಟ್ ಕೇಳುವಾಗ ಎಂಜಿನ್ ಯಾವುದು ಎಂದು ಹೇಳಲೇಬೇಕು. ನಿಮ್ಮದು ಪ್ಯೂಜೋ ಡೀಸೆಲ್ ಎಂಜಿನ್ ಆಗಿದ್ದರೆ ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್‌ನ ದಪ್ಪ ವೈರ್ ಬೇಕು, ಪೆಟ್ರೋಲ್ ಜೀಪಿನ ಕಿಟ್‌ನಲ್ಲಿ ಅದು ಇರುವುದಿಲ್ಲ. ಹೆಡ್‌ಲೈಟಿಗೆ 2.5 ಚದರ ಮಿಲಿಮೀಟರ್ ವೈರ್ ಹಾಕಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಸೇರಿಸಿ. 55 ವಾಟ್‌ನ ಎರಡು ಬಲ್ಬುಗಳ ಸುಮಾರು 9 ಆಂಪಿಯರ್ ಹಳೆಯ ಸ್ವಿಚ್ಚಿನೊಳಗೆ ಹರಿಯುವುದು ತಪ್ಪುತ್ತದೆ. ಬಾಡಿಯ ತೂತಿನಲ್ಲಿ ವೈರ್ ದಾಟುವ ಕಡೆಯಲ್ಲೆಲ್ಲ ವೈರ್ ಉಜ್ಜದಂತೆ ತೂತಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರಲಿ. ಸೈಲೆನ್ಸರ್ ಪೈಪಿನಿಂದ ದೂರವಿಡಿ.

ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ ಪಾಸಿಟಿವ್ ಕೇಬಲ್‌ಗೂ ಕಿಟ್‌ಗೂ ನಡುವೆ 21 ವಾಟ್‌ನ ಒಂದು ಬಲ್ಬ್ ಕಟ್ಟಿ. ಎಲ್ಲ ಸ್ವಿಚ್‌ಗಳೂ ಆಫ್ ಆಗಿದ್ದೂ ಅದು ಝಗ್ಗನೆ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಉರಿಯುತ್ತದೆಯೇ ಹೊರತು ನಿಮ್ಮ ಹೊಸ ವೈರ್ ಸುಡುವುದಿಲ್ಲ.

ಮನೆಯಲ್ಲೇ ಮಾಡಬಹುದು, ಎರಡು ದಿನ ಬಿಡುವು ಮಾಡಿಕೊಳ್ಳಿ. ಸ್ಟಾರ್ಟರ್ ಕೇಬಲ್‌ಗೆ ಥಿಂಬಲ್ (ತುದಿಯ ಲೋಹದ ಕೊಂಡಿ) ಒತ್ತುವ ಕೆಲಸವನ್ನು ಮಾತ್ರ ಸರಿಯಾದ ಇಕ್ಕಳವಿರುವ ಆಟೊ ಎಲೆಕ್ಟ್ರಿಷಿಯನ್ ಬಳಿ ಮಾಡಿಸಿ.

ಪ್ರಶ್ನೆ: ಹಳೆಯ ಪೆಟ್ರೋಲ್ ಜೀಪಿನ ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದೆ. ಈಗ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರ್ ಹಿಂಭಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕಾರಣವೇನು?
– ಓದುಗರು, ಮಡಿಕೇರಿ

ಉತ್ತರ: ಆ ಕಾಲದ ಜೀಪಿನಲ್ಲಿ ಚಾರ್ಜಿಂಗ್ ಕರೆಂಟು ಪೂರ್ತಿ ಆ ಮೀಟರಿನೊಳಗೇ ಹಾದುಹೋಗುತ್ತದೆ. ಎರಡೂ ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರಗಳೇ. ಆದರೆ ಡೈನಮೊ ಕೊಡುತ್ತಿದ್ದುದು ಕಡಿಮೆ, ಆಲ್ಟರ್ನೇಟರ್ ಕೊಡುವುದು ಹೆಚ್ಚು. ಇದನ್ನು ತಡ ಮಾಡಬೇಡಿ. ಬ್ಯಾಟರಿ ಕಳಚಿ, ಮೀಟರಿನ ಎರಡೂ ವೈರ್‌ಗಳನ್ನು ಬಿಚ್ಚಿ, ಒಂದಕ್ಕೊಂದು ಬೋಲ್ಟ್ ಮಾಡಿ, ಮೇಲೆ ಕರೆಂಟು ತಾಗದಂತೆ ಸ್ಲೀವ್ (ಕೊಳವೆಯಂಥ ಹೊದಿಕೆ) ಹಾಕಿ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ನೇರವಾಗಿ 10 ಚದರ ಮಿಲಿಮೀಟರ್ ಕೇಬಲ್ ಎಳೆದು, ಬ್ಯಾಟರಿಯ ಹತ್ತಿರ ಫ್ಯೂಸ್ ಕೂರಿಸಿ. ಹಳೆಯ ಮೀಟರ್ ನೋಟಕ್ಕೆ ಅಲ್ಲೇ ಇರಲಿ, ಪಕ್ಕದಲ್ಲಿ ಒಂದು ವೋಲ್ಟ್‌ಮೀಟರ್ ಹಾಕಿಸಿ. 12 ವೋಲ್ಟ್ ಜೀಪಾದರೆ ಎಂಜಿನ್ ಓಡುವಾಗ ಅದು 13.8ರಿಂದ 14.4ರ ನಡುವೆ ನಿಲ್ಲಬೇಕು.